ವಾರಕ್ಕೊಂದು ಹಾಳೆ

ಅವರ ಹೆಸರು ಹೇಳುವುದಿಲ್ಲ. ಹೇಳಿದರೆ ನಮ್ಮ ಪಾರ್ಟಿಯವರು ನಾಳೆಯೇ ಒಂದು ಫ್ಲೆಕ್ಸ್ ಹಾಕಿಸುತ್ತಾರೆ. ಬದುಕಿದ್ದಷ್ಟು ದಿನ ಅವರಿಗೆ ಫ್ಲೆಕ್ಸ್ ಕಂಡರೆ ಆಗುತ್ತಿರಲಿಲ್ಲ. ಪಾರ್ಟಿ ಯಾವುದು ಅಂತಲೂ ಹೇಳುವುದಿಲ್ಲ. ಹೇಳಿದ ಕೂಡಲೇ ಓದುವವರಲ್ಲಿ ಅರ್ಧ ಜನ ಪುಟ ಮಗುಚುತ್ತಾರೆ, ಇನ್ನರ್ಧ ಜನ ಬೇಡದ ಕಾರಣಕ್ಕೆ ಓದುತ್ತಾರೆ. ಚಾಮರಾಜಪೇಟೆಯ ನಮ್ಮ ನಾಲ್ಕು ಅಡ್ಡರಸ್ತೆಗಳಲ್ಲಿ ಚಿಕ್ಕವರು ದೊಡ್ಡವರು ಎಲ್ಲರೂ ಅವರನ್ನು ಯಜಮಾನ್ರು ಅನ್ನುತ್ತಿದ್ದರು. ನಾನೂ ಹಾಗೇ ಅನ್ನುತ್ತೇನೆ. ಈ ಧನುರ್ಮಾಸದಲ್ಲಿ ತೀರಿಕೊಂಡರು. ಅಂದಿನಿಂದ ಗುರುವಾರ ಬಂತೆಂದರೆ ನನಗೆ ಹೊಲಿಗೆ ಮಿಷಿನ್ನಿನ ಮುಂದೆ ಕೂರಲು ಆಗುವುದಿಲ್ಲ.

ಮನೆಯ ಮುಂದಿನ ಕೋಣೆಯಲ್ಲಿ ಸೀರೆಗೆ ಫಾಲು ಹಚ್ಚಿ ಜಿಗ್‌ಜಾಗ್ ಹಾಕಿಕೊಡುವ ಕೆಲಸ ನನ್ನದು. ಯಜಮಾನ್ರು ಮೊದಲ ಸಲ ನಮ್ಮ ಮನೆಗೆ ಬಂದದ್ದು ಹೆಂಡತಿಯ ಸೀರೆಯನ್ನೇನೂ ಹಿಡಿದುಕೊಂಡಲ್ಲ. ಸುಮ್ಮನೆ ಬಂದರು. ಬೆಲ್ ಒತ್ತಲಿಲ್ಲ, ಹೊರಗೆ ನಿಂತು ಒಂದು ಸಲ ಕೆಮ್ಮಿದರು. ಯಾರು ಅಂದೆ. ಇದೇ ರಸ್ತೆ ಕೊನೆಯಲ್ಲಿದ್ದೀನಿ, ಹೀಗೇ ಬಂದೆ ಅಂದರು. ಒಳಗೆ ಬನ್ನಿ ಅಂದರೆ ಬರಲಿಲ್ಲ, ಮೆಟ್ಟಿಲ ಮೇಲೆ ಕೂತರು. ನೀರು ಕೇಳಿ ಕುಡಿದರು. ಬೀದಿದೀಪ ಉರಿಯುತ್ತಾ, ನಲ್ಲಿಯಲ್ಲಿ ನೀರು ಎಷ್ಟು ಹೊತ್ತಿಗೆ ಬರುತ್ತೆ, ಮಿಷಿನ್ನು ಎಷ್ಟು ವರ್ಷದ್ದು ಅಂತ ಕೇಳಿ ಎದ್ದು ಹೋದರು. ಮುಂದಿನ ವರ್ಷ ಹೆಚ್ಚೂಕಡಿಮೆ ಅದೇ ವಾರಕ್ಕೆ ಮತ್ತೆ ಬಂದರು. ಮೂರನೆಯ ವರ್ಷವೂ ಬಂದಾಗ ನನಗೆ ತಡೆಯಲಾಗಲಿಲ್ಲ. ನೀವು ಪಾರ್ಟಿಯವರು ಅಂತ ಎಲ್ಲರೂ ಹೇಳ್ತಾರೆ, ಪಾರ್ಟಿಯವರೆಲ್ಲ ಎಲೆಕ್ಷನ್ನಿಗೆ ಬರ್ತಾರೆ, ನೀವ್ಯಾಕೆ ಈಗ ಬರ್ತೀರಿ ಅಂತ ನೇರವಾಗಿ ಕೇಳಿದೆ.

"ಎಲೆಕ್ಷನ್ನಲ್ಲಿ ನಿಮಗೂ ಪುರುಸೊತ್ತಿರಲ್ಲ, ನನಗೂ ಇರಲ್ಲ ಅಮ್ಮಣ್ಣಿ," ಅಂದರು. "ಆವಾಗ ಬಂದ್ರೆ ಏನೋ ಕೇಳೋಕೆ ಬಂದ ಅಂತೀರಾ. ಈಗ ಏನೂ ಕೇಳ್ತಾ ಇಲ್ವಲ್ಲ."

ಆ ಮಾತಿಗೆ ಸೋತೆನೋ, ಅಮ್ಮಣ್ಣಿ ಅನ್ನುವ ಕರೆಗೆ ಸೋತೆನೋ ಗೊತ್ತಿಲ್ಲ. ನಮ್ಮಜ್ಜಿ ಹೋದ ಮೇಲೆ ನನ್ನನ್ನು ಹಾಗೆ ಕರೆಯುವವರು ಯಾರೂ ಇರಲಿಲ್ಲ. ಆ ವರ್ಷದ ದೀಪಾವಳಿ ಕಳೆಯುವ ಹೊತ್ತಿಗೆ ನಾನು ಅವರ ಜೊತೆ ಮನೆಮನೆ ಸುತ್ತುತ್ತಿದ್ದೆ. ಬೀದಿಯವರು ನಮ್ಮ ಮನೆಯವರನ್ನು "ಏನ್ರೀ, ನಿಮ್ಮ ಮನೇಲಿ ಕಾರ್ಪೊರೇಟರ್ ತಯಾರಾಗ್ತಿದಾರಾ" ಅಂತ ರೇಗಿಸಿದರು. ನಮ್ಮವರು, ಮೊದಲು ಸೀರೆಗಳನ್ನ ಹೇಳಿದ ಹೊತ್ತಿಗೆ ಕೊಡಲಿ, ಆಮೇಲೆ ನೋಡೋಣ ಅಂದರು.

ಅವರ ಕೆಲಸದ ರೀತಿ ಇಷ್ಟೇ. ನಮ್ಮ ಬೂತಿನ ಮತದಾರರ ಪಟ್ಟಿ ಮೂವತ್ತು ಚಿಲ್ಲರೆ ಹಾಳೆ. ಅದರ ಪಿನ್ನು ಕಿತ್ತು ಒಂದೊಂದೇ ಹಾಳೆ ಬಿಡಿಸಿ ಇಡುವರು. ವಾರಕ್ಕೊಂದು ಹಾಳೆ. ಗುರುವಾರ ಶುರುಮಾಡಿ ಶನಿವಾರಕ್ಕೆ ಮುಗಿಸುವುದು. ಗೌರಿ ಗಣೇಶ, ದಸರಾ, ಕಡಲೆಕಾಯಿ ಪರಿಷೆಯ ವಾರ, ಮಕ್ಕಳ ಪರೀಕ್ಷೆಯ ತಿಂಗಳು ಇಷ್ಟನ್ನು ಬಿಟ್ಟರೆ ವರ್ಷಕ್ಕೆ ಸರಿಯಾಗಿ ಒಂದು ಸುತ್ತು ಬರುತ್ತಿತ್ತು. ಗೆದ್ದ ವರ್ಷ ಸೋತ ವರ್ಷ ಅಂತ ಇರಲಿಲ್ಲ. ಬರೇ ಹೋಗುವುದು, ಕೂರುವುದು, ಕೇಳುವುದು. ಹೆಸರಿನ ಪಕ್ಕದಲ್ಲಿ ಒಂದೋ ಎರಡೋ ಪದ ಬರೆಯುವರು. "ಮಂಡಿ ನೋವು." "ಮಗ ದುಬೈ." "ಚರಂಡಿ ವಾಸನೆ." ಒಂದು ಹೆಸರಿನ ಮುಂದೆ ವರ್ಷಗಟ್ಟಲೆ "ಮಾತಾಡಲ್ಲ" ಅಂತ ಇತ್ತು, ಆಮೇಲೆ ಒಂದು ವರ್ಷ ಅಲ್ಲಿ "ಉಪ್ಪಿನಕಾಯಿ ಕೊಟ್ಟರು" ಅಂತ ಕಂಡಿತು.

ಮೆಟ್ಟಿಲ ಮೇಲೆ ಕೂರುವುದಕ್ಕೂ ಅವರ ಹತ್ತಿರ ಕಾರಣವಿತ್ತು. ಒಳಗೆ ಹೋಗಿ ಕೂತರೆ ನೆಂಟ, ನಿಂತುಕೊಂಡೇ ಮಾತಾಡಿದರೆ ಪಾರ್ಟಿಯವನು, ಮೆಟ್ಟಿಲ ಮೇಲೆ ಕೂತರೆ ಪಕ್ಕದ ಮನೆಯವನು ಅನ್ನುವರು. ಹಳೆಯ ಮನೆಗಳನ್ನು ಕೆಡವಿ ಅಪಾರ್ಟ್‌ಮೆಂಟ್ ಎದ್ದಾಗ ಮೆಟ್ಟಿಲು ಎಲ್ಲಿ ಬರಬೇಕು? ಅಲ್ಲಿ ಸೆಕ್ಯೂರಿಟಿಯವನ ಪ್ಲಾಸ್ಟಿಕ್ ಕುರ್ಚಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಇಳಿದು ಬಂದವರನ್ನೆಲ್ಲ ಮಾತಾಡಿಸುತ್ತಿದ್ದರು. ರಾಯಚೂರಿನ ಕಡೆಯ ಆ ಸೆಕ್ಯೂರಿಟಿಯವನಿಗೆ ಇವರೇ ಮೇಲಿನ ಮನೆಗಳ ಸುದ್ದಿ ಹೇಳುವಷ್ಟು ಆಯಿತು.

ಪಾರ್ಟಿಯಿಂದ ಒಂದು ಸಲ ಅಚ್ಚು ಹಾಕಿಸಿದ ಫಾರಂ ಬಂತು. ಪ್ರತಿ ಹೆಸರಿನ ಮುಂದೆ ನಮ್ಮವರು, ಅವರ ಕಡೆಯವರು, ಹೇಳಲಾಗದು ಅಂತ ಮೂರು ಚೌಕ. ಒಂದಕ್ಕೆ ಗುರುತು ಹಾಕಿ ಕಳಿಸಬೇಕು. ಯಜಮಾನ್ರು ಕಟ್ಟು ಬಿಚ್ಚಲೇ ಇಲ್ಲ. ಹಾಕಿದರೆ ಏನಾಗುತ್ತೆ, ನಮಗೂ ಅನುಕೂಲ ಅಲ್ವಾ ಅಂತ ನಾನು ಕೇಳಿದೆ.

"ಗುರುತು ಹಾಕಿ ನೋಡಿ ಅಮ್ಮಣ್ಣಿ. ಮುಂದಿನ ವರ್ಷ ಆ ಮನೆ ಹತ್ರ ನಿಮ್ಮ ಕಾಲೇ ಏಳಲ್ಲ."

ಆಗ ನನಗೆ ಅದೊಂದು ಮುದುಕರ ಹಟ ಅನ್ನಿಸಿತ್ತು.

ಮಾಗಡಿಯ ಆಚೆಯ ಹಳ್ಳಿಯೊಂದರಿಂದ ಬಂದವರು. ಮಾಮೂಲ್‌ಪೇಟೆಯ ಒಂದು ಹಗ್ಗದ ಅಂಗಡಿಯಲ್ಲಿ ನಲವತ್ತು ವರ್ಷ ಗುಮಾಸ್ತರಾಗಿದ್ದರು. ಅವರ ಅಂಗೈ ಮುಟ್ಟಿದರೆ ತೆಂಗಿನ ನಾರು ಮುಟ್ಟಿದ ಹಾಗೆ. ಮಾತಿಗೆ ಕೂತರೆ ಎಲ್ಲವೂ ಹಗ್ಗಕ್ಕೆ ಬಂದು ನಿಲ್ಲುತ್ತಿತ್ತು. ದಿನಾ ಸೇದುವ ಬಾವಿಯ ಹಗ್ಗ ಬಾಳಿಕೆ ಬರುತ್ತೆ, ಅಟ್ಟದ ಮೇಲೆ ಎತ್ತಿಟ್ಟು ನೆಂಟರು ಬಂದಾಗ ಇಳಿಸಿದ ಹಗ್ಗ ಕೊಡದ ಸಮೇತ ಬಾವಿಗೆ ಹೋಗುತ್ತೆ ಅಂತ ಪಾರ್ಟಿಯ ಸಭೆಯಲ್ಲಿ ಎದ್ದು ಹೇಳಿದರೆ, ಹಿಂದಿನ ಸಾಲಿನವರು "ಬಂತಪ್ಪಾ ಹಗ್ಗ" ಅಂತ ನಗುತ್ತಿದ್ದರು. ಅವರೂ ನಕ್ಕು ಕೂತುಬಿಡುತ್ತಿದ್ದರು. ಸೋತೆ ಅಂತ ಮುಖ ಮಾಡಿದ್ದನ್ನು ನಾನು ನೋಡಿಲ್ಲ. ಕಾಲಲ್ಲಿ ಚಕ್ರ, ಬಾಯಲ್ಲಿ ಬೀಗ ಅಂತ ನಮ್ಮಜ್ಜಿ ಇಂಥವರಿಗೇ ಹೇಳುತ್ತಿದ್ದದ್ದು.

ಅವರಿಗೆ ಒಂದೇ ಒಂದು ಆಸೆ ಇತ್ತು. ನಮ್ಮ ರಸ್ತೆಯ ಒಂದು ಹಳೇ ಮನೆಯ ಔಟ್‌ಹೌಸಿನಲ್ಲಿ, ಹಿಂದೆ ಸೌದೆ ಹಾಕುತ್ತಿದ್ದ ಕೋಣೆಯಲ್ಲಿ, ಪಾರ್ಟಿಯ ಆಫೀಸು ಅಂತ ಒಂದಿತ್ತು. ಒಂದು ಬೆಂಚು, ಎರಡು ಕುರ್ಚಿ, ಗೋಡೆಯಲ್ಲಿ ಒಂದು ಕ್ಯಾಲೆಂಡರು. ಎಲೆಕ್ಷನ್ನು ಬಂದಾಗ ಪಾರ್ಟಿ ಅದಕ್ಕೆ ಬಾಡಿಗೆ ಕೊಡುತ್ತಿತ್ತು, ಮುಗಿದ ಮಾರನೆಯ ದಿನವೇ ಮರೆಯುತ್ತಿತ್ತು. ಮಿಕ್ಕ ತಿಂಗಳು ಇವರೇ ಹೇಗೋ ನಡೆಸುತ್ತಿದ್ದರು. ದಿನಾ ಸಂಜೆ ಆರರಿಂದ ಎಂಟರ ತನಕ ಬಾಗಿಲು ತೆಗೆದಿರುತ್ತಿತ್ತು. ಜನ ಬರುತ್ತಿದ್ದರು: ವಿಧವಾ ವೇತನ ನಿಂತುಹೋದವರು, ಮಗುವಿನ ಜಾತಿ ಪ್ರಮಾಣಪತ್ರದಲ್ಲಿ ಅಪ್ಪನ ಹೆಸರು ತಪ್ಪಾದವರು, ಏನೂ ಇಲ್ಲದೆ ಪೇಪರ್ ಓದಲು ಬಂದವರು. ಇಂಥದ್ದೊಂದು ಬಾಗಿಲು ವರ್ಷವಿಡೀ ತೆಗೆದಿರಬೇಕು, ಬೂತಿಗೊಬ್ಬ ಮನುಷ್ಯ ವರ್ಷವಿಡೀ ಸುತ್ತಬೇಕು, ಅದನ್ನು ಪಾರ್ಟಿ ತನ್ನ ಕೆಲಸ ಅಂತ ಒಪ್ಪಿಕೊಳ್ಳಬೇಕು. ಅದು ಅವರ ಆಸೆ. ಎಲೆಕ್ಷನ್ನಿಗೆ ಮುಂಚಿನ ಒಂದು ಚಳಿಗಾಲದಲ್ಲಿ ಆ ಮನೆಯ ಮಾಲೀಕ, ಬೇಸಿಗೆ ಕಳೆಯುವುದರೊಳಗೆ ಕೋಣೆ ಬಿಡಿ ಅಂದಿದ್ದ. ಪಾರ್ಟಿ ಕೈಹಿಡಿಯದೆ ಇನ್ನು ನಡೆಯುವ ಹಾಗಿರಲಿಲ್ಲ.

ಬಸವನಗುಡಿಯಲ್ಲಿ ನಮ್ಮ ಲೀಡರ ಮನೆ. ಲೀಡರು ಅಂದರೆ ಆ ಸಲದ ವಿಧಾನಸಭೆ ಚುನಾವಣೆಗೆ ಟಿಕೆಟ್ ಖಾತ್ರಿಯಾಗಿದ್ದವರು. ಮೂರು ಹಾಳೆ ಮನವಿ ಬರೆಸಿಕೊಂಡು ಯಜಮಾನ್ರು ನನ್ನನ್ನೂ ಕರೆದುಕೊಂಡು ಹೋದರು. ಲೀಡರು ಮೊದಲ ಹಾಳೆ ಓದಿ, ಮಡಿಸಿ ವಾಪಸು ಕೊಟ್ಟರು.

"ಯಜಮಾನ್ರೇ, ಮದುವೆ ಮುಗಿದ ಮೇಲೂ ಛತ್ರಕ್ಕೆ ಯಾರಾದ್ರೂ ಬಾಡಿಗೆ ಕಟ್ತಾರಾ?"

"ನಾನು ಕೇಳ್ತಿರೋದು ಛತ್ರ ಅಲ್ಲ ಸ್ವಾಮಿ. ಮದುವೆ ಒಂದು ದಿನ. ಸಂಸಾರ ಮಾಡೋಕೆ ಮನೆ ಬೇಡ್ವಾ?"

ಅಲ್ಲಿದ್ದವರೆಲ್ಲ ನಕ್ಕರು, ಲೀಡರೂ ನಕ್ಕರು. ಕೆಟ್ಟವರೇನಲ್ಲ ಅವರು. ಮಾತು ಹಿಡಿಸಿತು ಅಂತ ಕಾಣುತ್ತೆ, ಎಲ್ಲರೆದುರಿಗೆ ಮಾತು ಕೊಟ್ಟರು: ಎಣಿಕೆ ಮುಗಿದ ಮಾರನೆಯ ದಿನ ಬನ್ನಿ, ಗೆಲ್ಲಲಿ ಸೋಲಲಿ, ನಿಮ್ಮ ವಾರ್ಡಿನಿಂದಲೇ ಶುರು ಮಾಡೋಣ. ವಾಪಸು ಬರುವಾಗ ಯಜಮಾನ್ರು ನನಗೆ ಒಂದು ಮೊಳ ಮಲ್ಲಿಗೆ ಹೂವು ಕೊಡಿಸಿದರು. ತಮ್ಮ ಹೆಂಡತಿಗೆ ಎರಡು ಮೊಳ ಕಟ್ಟಿಸಿಕೊಂಡರು. ಹತ್ತಾರು ವರ್ಷ ಸುತ್ತಿದರೂ ಅವರು ದಾರಿಯಲ್ಲಿ ಹಾಡು ಗುನುಗಿದ್ದು ಅದೊಂದೇ ದಿನ.

ಇನ್ನು ನನ್ನ ತಪ್ಪಿಗೆ ಬರಬೇಕು.

ಲೀಡರನ್ನು ನೋಡಿಕೊಂಡು ಬಂದ ಸ್ವಲ್ಪ ದಿನಕ್ಕೆ ಯಜಮಾನ್ರ ಕಣ್ಣಿನ ಪೊರೆಯ ಆಪರೇಷನ್ನಾಯಿತು. ಮೂರು ವಾರ ಹೊರಗೆ ಬರಬಾರದು ಅಂದರು ಡಾಕ್ಟರು. ಪಟ್ಟಿಯ ಮೂರು ಹಾಳೆಯನ್ನು ನನ್ನ ಕೈಗಿಟ್ಟು, ಬಿಡಬೇಡಿ ಅಮ್ಮಣ್ಣಿ, ಒಂದು ವಾರ ತಪ್ಪಿದರೆ ವರ್ಷ ತಪ್ಪುತ್ತೆ ಅಂದರು. ಮತದಾರರ ಪಟ್ಟಿಯ ಪರಿಷ್ಕರಣೆ ನಡೆಯುತ್ತಿದ್ದ ಕಾಲ ಅದು. ಸತ್ತವರು, ಮನೆ ಬಿಟ್ಟು ಹೋದವರು ಯಾರು ಅಂತ ಪಾರ್ಟಿಯ ಬೂತ್ ಏಜೆಂಟರೂ ಚುನಾವಣೆ ಆಫೀಸಿಗೆ ಬರೆದುಕೊಡಬಹುದಿತ್ತು. ಅದೂ ನನ್ನ ತಲೆಗೆ ಬಿತ್ತು.

ಆ ಹಾಳೆಗಳಲ್ಲೊಂದರಲ್ಲಿ ಶಾರದಮ್ಮ ಟೀಚರ್ ಮನೆ. ಹೆಡ್‌ಮೇಡಂ ಆಗಿ ರಿಟೈರಾದವರು, ಗಣಿತ ಹೇಳಿಕೊಡುತ್ತಿದ್ದವರು, ಗಂಡ ಹೋದ ಮೇಲೆ ಒಬ್ಬರೇ. ಗಂಡ ಇದ್ದಾಗ ಎದುರು ಪಾರ್ಟಿಯಲ್ಲಿ ಸಣ್ಣ ಪದಾಧಿಕಾರಿ. ಟೀಚರ ವೋಟು ಎಲ್ಲಿಗೆ ಹೋಗುತ್ತೆ ಅಂತ ಬೀದಿಗೆಲ್ಲ ಗೊತ್ತು, ಅವರೇನೂ ಮುಚ್ಚಿಟ್ಟುಕೊಂಡಿರಲಿಲ್ಲ. ನಾನು ಹೋದಾಗ ಬೀಗ. ಎರಡು ದಿನ ಬಿಟ್ಟು ಹೋದೆ, ಬೀಗ. ಗೋಡೆಗೆ ಬಾಡಿಗೆಗಿದೆ ಅಂತ ಬೋರ್ಡು. ಬೋರ್ಡು ಇದ್ದದ್ದು ಮಹಡಿ ಮನೆಗೆ. ಟೀಚರು ಮೈಸೂರಿನಲ್ಲಿ ಮಗಳ ಬಾಣಂತನಕ್ಕೆ ಹೋಗಿದ್ದರು. ಪಕ್ಕದ ಮನೆಯಲ್ಲಿ ಒಂದು ಮಾತು ಕೇಳಿದ್ದರೆ ತಿಳಿಯುತ್ತಿತ್ತು. ನಾನು ಕೇಳಲಿಲ್ಲ. "ಖಾಲಿ ಮಾಡಿದ್ದಾರೆ" ಅಂತ ಬರೆದು ಸಹಿ ಹಾಕಿ ಕೊಟ್ಟೆ. ಬಿಸಿಲಿತ್ತು, ಮನೆಯಲ್ಲಿ ಮದುವೆಯ ಸೀರೆಗಳು ಗುಡ್ಡೆ ಬಿದ್ದಿದ್ದವು ಅಂತ ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ. ನಿಜ ಬೇರೆ. ನಮ್ಮವರ ಮನೆಯಾಗಿದ್ದರೆ ಕೇಳುತ್ತಿದ್ದೆ.

ಬೀಗ ಹಾಕಿದ ಮನೆಗೆ ನೋಟೀಸು ಬಂತು, ಉತ್ತರ ಹೋಗಲಿಲ್ಲ, ಹೆಸರು ಹೋಯಿತು. ಯಜಮಾನ್ರಿಗೆ ಇದು ತಿಳಿಯುವ ದಾರಿಯೂ ಇರಲಿಲ್ಲ. ಅವರು ಸುತ್ತುತ್ತಿದ್ದದ್ದು ಹಳೇ ಪಟ್ಟಿ ಹಿಡಿದು. ಹೊಸ ಪಟ್ಟಿ ಬಂದ ಮೇಲೆ ಮತದಾರರ ಚೀಟಿ ಹಂಚುವ ಕೆಲಸವನ್ನು ಪಾರ್ಟಿ ಆ ಸಲ ಯಾರೋ ಗುತ್ತಿಗೆಯವರಿಗೆ ಕೊಟ್ಟಿತ್ತು. ಯಾರ ಮನೆಗೆ ಚೀಟಿ ಹೋಯಿತು, ಯಾರ ಮನೆಗೆ ಹೋಗಲಿಲ್ಲ ಅಂತ ನೋಡುವವರು ಯಾರು?

ಮತದಾನದ ದಿನ ಹನ್ನೊಂದು ಗಂಟೆಯ ಸುಮಾರಿಗೆ ಟೀಚರು ಗಂಜಿ ಹಾಕಿದ ಕಾಟನ್ ಸೀರೆ ಉಟ್ಟು, ಛತ್ರಿ ಹಿಡಿದು, ಸ್ಕೂಲಿನೊಳಗೆ ಹೋದರು. ಹೋದಷ್ಟೇ ಬೇಗ ಹೊರಗೆ ಬಂದರು. ರಸ್ತೆಯ ಆಚೆ ಎರಡೂ ಪಾರ್ಟಿಯ ಮೇಜುಗಳಿದ್ದವು. ಅವರ ಪಾರ್ಟಿಯ ಮೇಜಿನಲ್ಲಿದ್ದ ಹೊಸ ಮುಖಗಳಿಗೆ ಇವರು ಯಾರೆಂದೇ ಗೊತ್ತಾಗಲಿಲ್ಲ. ಅಲ್ಲಿಂದ ನೇರ ನಮ್ಮ ಮೇಜಿಗೆ ಬಂದು, ಯಜಮಾನ್ರೇ, ನನ್ನ ಹೆಸರು ಎಲ್ಲಿ ಹೋಯ್ತು ನೋಡಿ ಅಂದರು. ಯಜಮಾನ್ರು ಹೊಸ ಕಣ್ಣಿನಿಂದ ಒಂದೊಂದೇ ಸಾಲು ಬೆರಳಿಟ್ಟು ನೋಡಿದರು. ಮತ್ತೆ ಮೊದಲಿನಿಂದ ನೋಡಿದರು. ಇಲ್ಲ ಟೀಚರ್ ಅಂದರು. ಅವರು ಇನ್ನೇನೂ ಕೇಳದೆ ಛತ್ರಿ ಬಿಚ್ಚಿಕೊಂಡು ಮನೆಯ ಕಡೆ ನಡೆದರು. ಮೇಜಿನಲ್ಲಿದ್ದ ನಮ್ಮವನೊಬ್ಬ, ಬಿಡಿ, ಅವರಿಗೊಂದು ಕಮ್ಮಿಯಾಯ್ತು, ಒಳ್ಳೇದೇ ಅಂದ.

ಯಜಮಾನ್ರು ಅವನ ಕಡೆ ನೋಡಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದು ಕೇಳಿದ್ದು ಒಂದೇ ಮಾತು.

"ಪಕ್ಕದ ಮನೇಲಿ ಕೇಳಿದ್ರಾ ಅಮ್ಮಣ್ಣಿ?"

ಇಲ್ಲ ಅಂದೆ. ಯಾಕೆ ಅಂತ ಅವರು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿರುತ್ತಿತ್ತು.

ಸಂಜೆಯ ತನಕ ಮೇಜಿನಲ್ಲೇ ಕೂತಿದ್ದರು. ಮುದುಕರಿಗೆ ಆಟೋ ಹತ್ತಿಸಿದರು, ಚೀಟಿ ಬರೆದುಕೊಟ್ಟರು, ಮಜ್ಜಿಗೆ ಹಂಚಿದರು. ಆರು ಗಂಟೆಗೆ ಸ್ಕೂಲಿನ ಗೇಟು ಹಾಕಿದಾಗ ನನಗೆ ಹೊಳೆಯಿತು, ಇವರು ಮೇಜು ಬಿಟ್ಟು ಎದ್ದೇ ಇಲ್ಲ. ಯಜಮಾನ್ರೇ, ನಿಮ್ಮ ವೋಟು ಅಂದೆ. ಅವರದೊಂದು ಹೋಯ್ತು, ನಮ್ಮದೂ ಒಂದು ಹೋಗಲಿ, ಸಮ ಆಯ್ತು ಅಂದರು, ಮೇಜಿನ ಬಟ್ಟೆ ಮಡಿಸುತ್ತ. ತೂಕದಲ್ಲಿ ಹೆಚ್ಚುಕಮ್ಮಿಯಾದ ಹಗ್ಗವನ್ನು ಸರಿಮಾಡಿದ ಹಾಗೆ.

ನಾವು ಗೆದ್ದೆವು. ಎಣಿಕೆಯ ಮಾರನೆಯ ದಿನ ಬೆಳಿಗ್ಗೆ ಇಬ್ಬರೂ ಬಸವನಗುಡಿಗೆ ಹೋದೆವು. ಇಸ್ತ್ರಿಯ ಬಿಳಿ ಅಂಗಿ ಹಾಕಿದ್ದರು, ಜೇಬಿನಲ್ಲಿ ಮನವಿಯ ಅದೇ ಮೂರು ಹಾಳೆ. ಲೀಡರ ಮನೆಯ ತುಂಬ ಜನ, ಹಾರ, ಮೈಸೂರುಪಾಕು. ನಮ್ಮನ್ನು ಕಂಡ ಕೂಡಲೇ ಲೀಡರೇ ಕೈಹಿಡಿದು ಮುಂದಕ್ಕೆ ಎಳೆದುಕೊಂಡರು. ಬನ್ನಿ ಬನ್ನಿ, ಇವರ ಬೂತಲ್ಲಿ ಈ ಸಲ ಲೀಡು, ಇವರ ಕೆಲಸ ಇವತ್ತೇ ಆಗಬೇಕು ಅಂತ ತಮ್ಮ ಕಾರ್ಯದರ್ಶಿಗೆ ಕೂಗಿ ಹೇಳಿದರು. ನನಗೆ ಕಣ್ಣು ಮಂಜಾಯಿತು. ಅಷ್ಟರಲ್ಲಿ ಫೋಟೋದವನು ಎಲ್ಲರನ್ನೂ ಒತ್ತಾಗಿ ನಿಲ್ಲಿಸಿ, ಶಾಯಿ ಹಚ್ಚಿದ ಬೆರಳು ಮೇಲೆತ್ತಿ ಸಾರ್, ಎಲ್ಲರೂ ಅಂದ.

ನೂರು ಬೆರಳು ಮೇಲೆದ್ದವು. ಯಜಮಾನ್ರ ಕೈ ಜೇಬಿನಲ್ಲೇ ಇತ್ತು. ಮನವಿಯ ಹಾಳೆ ಹಿಡಿದುಕೊಂಡಿದ್ದರೋ ಏನೋ. ಪಕ್ಕದಲ್ಲೇ ನಿಂತಿದ್ದ ಲೀಡರು ನಗುತ್ತಲೇ ಅವರ ಎಡಗೈ ಹಿಡಿದು ಎತ್ತಿದರು. ನೋಡಿದರು. ಉಗುರು ಬೆಳ್ಳಗಿತ್ತು.

ಸುಳ್ಳು ಹೇಳಬಹುದಿತ್ತು. ಮೈ ಸರಿಯಿರಲಿಲ್ಲ, ಕಣ್ಣಿನ ತೊಂದರೆ, ಏನಾದರೂ. ಇವರು ಇದ್ದದ್ದು ಇದ್ದ ಹಾಗೆ ಹೇಳಿದರು. ನಮ್ಮ ಬೂತಿನಿಂದ ತಪ್ಪಾಗಿ ಒಬ್ಬರ ವೋಟು ಹೋಯಿತು, ಅವರು ನಮ್ಮ ಪಾರ್ಟಿಯವರಲ್ಲ, ಅದಕ್ಕೇ ನಾನೂ ಹಾಕಲಿಲ್ಲ. ನಮ್ಮ ಬೂತಿನಿಂದ ಅಂದರು, ನನ್ನ ಕಡೆ ತಿರುಗಲೂ ಇಲ್ಲ. ನಾನು ಅಲ್ಲೇ, ಮೈಸೂರುಪಾಕಿನ ತಟ್ಟೆ ಹಿಡಿದು ನಿಂತಿದ್ದೆ. ಬಾಯಿ ತೆರೆಯಲಿಲ್ಲ.

ಲೀಡರು ಆ ಉಗುರನ್ನು ಇನ್ನೊಂದು ಸಲ ನೋಡಿದರು. ಆಮೇಲೆ ಕೈ ಬಿಟ್ಟರು.

"ನಿಮ್ಮಂಥೋರನ್ನ ಬೂತಿಗೊಬ್ಬರ ಹಾಗೆ ವರ್ಷಪೂರ್ತಿ ಇಟ್ಕೊಂಡ್ರೆ ಯಜಮಾನ್ರೇ, ನಾನು ಮನೇಲಿ ಕೂರಬೇಕಾಗುತ್ತೆ."

ಎಲ್ಲರೂ ನಕ್ಕರು. ಯಜಮಾನ್ರೂ ನಕ್ಕರು, ಸಭೆಯಲ್ಲಿ ಹಗ್ಗದ ಮಾತಿಗೆ ನಗುತ್ತಿದ್ದ ಹಾಗೇ. ಮೂರು ಹಾಳೆ ಜೇಬಿನಿಂದ ಹೊರಗೆ ಬರಲೇ ಇಲ್ಲ. ಕಾರ್ಯದರ್ಶಿ ಆಮೇಲೆ ನೋಡೋಣ ಅಂದ.

ವಾಪಸು ಬರುವಾಗ ಬಸ್ಸು ಹತ್ತಲಿಲ್ಲ, ನಡೆದೇ ಬಂದೆವು. ನಾನು ಹೇಳಬೇಕಿತ್ತು, ನಾನು ಅಂತ ಹೇಳಬೇಕಿತ್ತು ಅಂತ ದಾರಿಯುದ್ದಕ್ಕೂ ಗೊಣಗಿದೆ. ಹೇಳಿದ್ದರೆ ನಿಮ್ಮನ್ನು ತೆಗೆದುಹಾಕುತ್ತಿದ್ದರು, ನಮ್ಮ ಬೂತಿಗೆ ಇರುವುದೇ ಇಬ್ಬರು ಅಂದರು. ಸ್ವಲ್ಪ ದೂರ ಬಂದ ಮೇಲೆ, ನಾಳೆ ಗುರುವಾರ, ಮೊದಲನೇ ಹಾಳೆ ತೆಗೀಬೇಕು ಅಂದರು. ನನಗೆ ಅಳು ಬಂತು. ಅವರು ನನ್ನ ಮುಖ ಕಾಣದ ಹಾಗೆ ಒಂದು ಹೆಜ್ಜೆ ಮುಂದೆ ನಡೆದರು.

ಆ ಗುರುವಾರ ಮೊದಲನೇ ಹಾಳೆಗೆ ಮುಂಚೆ ಟೀಚರ ಮನೆಗೆ ಹೋದೆವು, ಹೆಸರು ಸೇರಿಸುವ ಅರ್ಜಿ ಹಿಡಿದುಕೊಂಡು. ಯಜಮಾನ್ರು ಮೆಟ್ಟಿಲ ಮೇಲೆ ಕೂತು ತಪ್ಪು ನಮ್ಮದು ಅಂದರು. ಯಾರು ಬರೆದುಕೊಟ್ಟದ್ದು ಅಂತ ಟೀಚರು ಕೇಳಿದರು. ಆ ಬೂತು ನನ್ನದು ಟೀಚರ್ ಅಂದರು ಯಜಮಾನ್ರು. ಟೀಚರು ನನ್ನ ಕಡೆ ನೋಡಿದ ಹಾಗಾಯಿತು. ನಾನು ಅರ್ಜಿಗೆ ಫೋಟೋ ಅಂಟಿಸುತ್ತಿದ್ದೆ. ಹೆಸರು ಮತ್ತೆ ಪಟ್ಟಿಗೆ ಬರಲು ಎಷ್ಟೋ ತಿಂಗಳು ಹಿಡಿಯಿತು. ಎರಡು ಸಲ ಅರ್ಜಿ ತಿರುಗಿ ಬಂತು. ಎರಡು ಸಲವೂ ಯಜಮಾನ್ರೇ ಚುನಾವಣೆ ಆಫೀಸಿಗೆ ಹೋಗಿ ಕೂತರು. ನಮ್ಮವರ ಕೆಲಸಕ್ಕೆ ಕೂಡ ಅಷ್ಟು ಓಡಾಡಲ್ಲ ಈ ಮನುಷ್ಯ ಅಂತ ಪಾರ್ಟಿಯಲ್ಲಿ ಆಡಿಕೊಂಡರು.

ಬೇಸಿಗೆ ಕಳೆಯುವ ಹೊತ್ತಿಗೆ ಕೋಣೆ ಹೋಯಿತು. ಬೆಂಚನ್ನು ಒಬ್ಬ ಆಟೋದವನು ಕೇಳಿ ತೆಗೆದುಕೊಂಡು ಹೋದ. ಈಗ ಅಲ್ಲಿ ಆನ್‌ಲೈನ್ ಆರ್ಡರಿಗೆ ಬಿರಿಯಾನಿ ಮಾಡುತ್ತಾರೆ. ಕೋಣೆ ಬಿಟ್ಟ ಸಂಜೆಯೂ ಯಜಮಾನ್ರು ಆರು ಗಂಟೆಗೆ ಅಲ್ಲಿಗೆ ಬಂದರು. ಬೀಗ ನೋಡಿ, ರಸ್ತೆಯ ಆಚೆ ಮುಚ್ಚಿದ ಅಂಗಡಿಯ ಕಟ್ಟೆಯ ಮೇಲೆ ಎಂಟರ ತನಕ ಕೂತಿದ್ದರು. ವಾರಗಟ್ಟಲೆ ಹಾಗೇ ಕೂತರು. ಬರುವವರು ಒಬ್ಬೊಬ್ಬರೇ ಕಮ್ಮಿಯಾದರು. ಬಾಗಿಲು ಅಂತ ಒಂದು ಇದ್ದರೆ ಜನ ಕಷ್ಟ ಹೇಳಿಕೊಳ್ಳುತ್ತಾರೆ, ಬೀದಿಯಲ್ಲಿ ನಿಂತು ಯಾರು ಹೇಳುತ್ತಾರೆ? ಅವರಿಗೆ ಆ ಕೋಣೆ ಎಷ್ಟು ಬೇಕಾಗಿತ್ತು ಅಂತ ನನಗೆ ಪೂರ್ತಿ ತಿಳಿದದ್ದು ಆ ವಾರಗಳಲ್ಲಿ. ಒಂದು ದಿನ ಟೀಚರೇ ಕಟ್ಟೆಯ ಹತ್ತಿರ ನಿಂತು, ನಮ್ಮ ಮುಂದಿನ ರೂಮು ಖಾಲಿ ಇದೆ, ಕೂತ್ಕೊಳ್ಳಿ, ನಿಮ್ಮ ಬಾವುಟ ಮಾತ್ರ ಕಟ್ಟಬೇಡಿ ಅಂದರಂತೆ. ಬೇಡ ಟೀಚರ್, ನಿಮ್ಮವರು ನಿಮ್ಮನ್ನ ಬಿಡಲ್ಲ ಅಂದರಂತೆ ಇವರು. ಇಬ್ಬರೂ ಇದನ್ನು ಬೇರೆಬೇರೆ ಹೊತ್ತಿನಲ್ಲಿ ನನಗೆ ಹೇಳಿ ನಕ್ಕಿದ್ದಾರೆ.

ಹಾಳೆ ಮಾತ್ರ ನಿಲ್ಲಲಿಲ್ಲ. ವರ್ಷಗಳು ಹೋದವು. ಟೀಚರ ಹಾಳೆ ಬಂದ ವಾರ ಅವರ ಮೆಟ್ಟಿಲ ಮೇಲೆ ಕೂತಾಗಲೆಲ್ಲ ಮಾತಿನ ನಡುವೆ ಯಜಮಾನ್ರು ಒಂದು ಸಲ ಸುಮ್ಮನಾಗುತ್ತಿದ್ದರು. ನಾನು ಏನಾದರೂ ಹೇಳಲಿ ಅಂತ ಜಾಗ ಬಿಟ್ಟುಕೊಟ್ಟ ಹಾಗೆ. ನಾನು ಹವಾಮಾನದ ಮಾತು ತೆಗೆಯುತ್ತಿದ್ದೆ.

ತೀರಿಕೊಂಡ ಹದಿನೈದು ದಿನಕ್ಕೆ ಪಾರ್ಟಿಯವರು ಒಂದು ಕಲ್ಯಾಣ ಮಂಟಪದಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟರು. ಲೀಡರು ಬಂದಿದ್ದರು. ಚೆನ್ನಾಗಿಯೇ ಮಾತಾಡಿದರು. ಇಂಥ ಕಾರ್ಯಕರ್ತರು ಬೂತಿಗೊಬ್ಬರು ಇರಬೇಕು, ಎಲೆಕ್ಷನ್ನಿಗೆ ಮೂರು ತಿಂಗಳು ಮುಂಚೆ ಅಲ್ಲ, ವರ್ಷಪೂರ್ತಿ ಇರಬೇಕು ಅಂದರು. ಆ ಮಾತು ಅವರ ಬಾಯಲ್ಲಿ ಕೇಳಬೇಕೆಂದು ಒಬ್ಬರು ಜೀವಮಾನವೆಲ್ಲ ಕಾದಿದ್ದರು. ಆಮೇಲೆ ಬೆರಳಿನ ಕತೆ ಹೇಳಿದರು. ನಲವತ್ತು ವರ್ಷ ಊರವರ ಕೈಲೆಲ್ಲ ವೋಟು ಹಾಕಿಸಿ ಪುಣ್ಯಾತ್ಮ ತಾನೇ ಹಾಕಲಿಲ್ಲ, ಹಾಕಿದ್ದರೆ ಅವತ್ತೇ ಅವರ ಕೆಲಸ ಆಗಿಹೋಗುತ್ತಿತ್ತು ಅಂದರು. ಸಭೆ ನಕ್ಕಿತು. ಪ್ರೀತಿಯ ನಗುವೇ ಅದು. ನನ್ನ ಪಕ್ಕದಲ್ಲಿ ಅವರ ಹೆಂಡತಿಯೂ ಸೆರಗು ಬಾಯಿಗಿಟ್ಟು ನಕ್ಕರು. ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ.

ಮಾರನೆಯ ದಿನ ಗುರುವಾರ. ಯಜಮಾನ್ರು ಕಾಯಿಲೆ ಬಿದ್ದು ಮಲಗಿದಾಗಿನಿಂದ ನಾನು ಹಾಳೆ ಮುಟ್ಟಿರಲಿಲ್ಲ. ಯಾವ ಹಾಳೆಗೆ ನಿಂತಿದೆ ಅಂತಲೂ ನೋಡದೆ, ಟೀಚರ ಹಾಳೆಯನ್ನೇ ಹುಡುಕಿ ತೆಗೆದುಕೊಂಡು ಹೊರಟೆ. ಟೀಚರು ಹೊರಗೇ ಕೂತು ಅವರೆಕಾಳು ಹಿದುಕುತ್ತಿದ್ದರು. ಮೆಟ್ಟಿಲ ಮೇಲೆ ಕೂತೆ. ಮುನ್ನುಡಿ ಏನೂ ಹಾಕದೆ, ಅವತ್ತು ನಿಮ್ಮ ಹೆಸರು ತೆಗೆಸಿದ್ದು ನಾನು ಟೀಚರ್ ಅಂದೆ.

ಅವರ ಕೈ ನಿಲ್ಲಲಿಲ್ಲ.

"ಆ ಮೂರು ವಾರ ಅವರು ಕಣ್ಣಿಗೆ ಹಸಿರು ಪಟ್ಟಿ ಕಟ್ಕೊಂಡು ಮಲಗಿದ್ರು ಅಂತ ಬೀದಿಗೆಲ್ಲ ಗೊತ್ತು ಕಣೇ. ಇಬ್ಬರಲ್ಲಿ ಒಬ್ಬರು ಹೋದ್ರೆ ಉಳಿದೋರು ಯಾರು ಅಂತ ಹೇಳೋಕೆ ನಾನು ಗಣಿತ ಕಲಿಸಿರ್ಬೇಕಾ?"

"ಮತ್ತೆ ಯಾಕೆ ಕೇಳಲಿಲ್ಲ?"

"ಅವರು ತಮ್ಮ ಮೇಲೆ ಹಾಕ್ಕೊಂಡು ಕೂತಿದ್ರಲ್ಲ. ಅವರ ಮಾತು ತೆಗೆದುಹಾಕಬೇಕಿತ್ತಾ? ಅವರ ಎದುರಿಗೆ ನೀನೇ ಹೇಳ್ತೀಯೇನೋ ಅಂತ ಇದ್ದೆ." ಇನ್ನೆರಡು ಕಾಳು ಹಿದುಕಿ ಕೇಳಿದರು, "ಪಕ್ಕದ ಮನೇಲಿ ಯಾಕೆ ವಿಚಾರಿಸಲಿಲ್ಲ ನೀನು?"

ಯಜಮಾನ್ರು ಕೇಳದೆ ಬಿಟ್ಟ ಪ್ರಶ್ನೆ. ನೀವು ನಮ್ಮವರಲ್ಲ ಅಂತ ಅಂದೆ. ಹೇಳಿದ ಮೇಲೆ ಅದು ಎಷ್ಟು ಸಣ್ಣ ಮಾತು ಅನ್ನಿಸಿತು. ಅಷ್ಟು ಸಣ್ಣ ಮಾತಿಗೆ ಒಬ್ಬರ ವೋಟು ಹೋಯಿತು, ಇನ್ನೊಬ್ಬರ ಜೀವಮಾನದ ಆಸೆ ಹೋಯಿತು.

ಟೀಚರು ಪರವಾಗಿಲ್ಲ ಅನ್ನಲಿಲ್ಲ. ಹಿದುಕಿದ ಬೇಳೆಯನ್ನು ಬೋಗುಣಿಗೆ ಹಾಕಿ, ಸಿಪ್ಪೆಯನ್ನು ಮೊರಕ್ಕೆ ಗುಡಿಸಿಕೊಂಡರು.

"ಇವತ್ತು ಇನ್ನೆಷ್ಟು ಮನೆ ಇದೆ ನಿಂಗೆ?"

"ಐದು."

"ಹಾಗಾದ್ರೆ ಇಲ್ಲೇ ಕೂತ್ಕೊಂಡಿದ್ರೆ ಹೆಂಗೆ? ಹೊರಡು."

ಎದ್ದೆ. ಗೇಟು ತೆಗೆದು ರಸ್ತೆಗೆ ಕಾಲಿಟ್ಟವಳು, ಗೇಟನ್ನು ಹಾಗೇ ಹಿಡಿದುಕೊಂಡು ನಿಂತುಬಿಟ್ಟೆ. ಕೊನೆಯ ವರ್ಷಗಳಲ್ಲಿ ಮೆಟ್ಟಿಲು ಇಳಿಯಲು ಯಜಮಾನ್ರಿಗೆ ಹೊತ್ತು ಹಿಡಿಯುತ್ತಿತ್ತು. ಯಾರಿಗೆ ಕಾಯ್ತಿದೀಯಾ ಅಂತ ಟೀಚರು ಕೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ನಾನೇ ಗೇಟು ಹಾಕಿ, ಪಕ್ಕದ ಮನೆಯ ಮುಂದೆ ನಿಂತು ಒಂದು ಸಲ ಕೆಮ್ಮಿದೆ.